ಗಿರ್ಯವರೋಹಣ ಮೀಮಾಂಸೆ: ಹೈದರಾಬಾದ್ ಕನ್ನಡಿಗರ ಸಾಲು ರಜೆಯ ಪರ್ವತಯಾತ್ರೆಯನ್ನು ಕುರಿತು

ಹೈದರಾಬಾದಿನ ಕನ್ನಡ ಕುಟುಂಬವೊಂದು ಆಗಸ್ಟ್ ತಿಂಗಳ ಸಾಲು ರಜೆಗೆ ಯಾವ ಬೆಟ್ಟಕ್ಕೆ ಹೋಗಬೇಕೆಂಬುದನ್ನು ಹೇಗೆ ತೀರ್ಮಾನಿಸುತ್ತದೆ? ಪ್ರಸ್ತುತ ಪ್ರಬಂಧದ ವಸ್ತು ಇದು. ಆಗಸ್ಟನ್ನು ಪಾಶ್ಚಾತ್ಯರು ಬೇಸಿಗೆಯ ಕೊನೆ ಎನ್ನುತ್ತಾರೆ. ನಮ್ಮಲ್ಲಿ ಮೃಗಶಿರಾ ಮಳೆಗೇ ಬೇಸಿಗೆ ಮುಗಿದಿರುತ್ತದೆ, ನಿಜ. ಆದರೆ ಬೇಸಿಗೆ ರಜೆಯಲ್ಲಿ ಹೋಗಬೇಕೆಂದಿದ್ದ ಪ್ರವಾಸ ಮುಗಿದಿರುವುದಿಲ್ಲ. ಅದು ಮುಂದೂಡಿಸಿಕೊಳ್ಳುತ್ತ ಆಗಸ್ಟಿಗೆ ಬಂದು ನಿಂತಿರುತ್ತದೆ. ಹೀಗಾಗಿ ಪಾಶ್ಚಾತ್ಯ ಮತವೂ ನಮ್ಮ ಮತವೂ ಇಲ್ಲಿ ಒಂದೇ.

ನಿದರ್ಶನಕ್ಕೆ 2025ನೇ ಇಸವಿಯನ್ನು ತೆಗೆದುಕೊಳ್ಳೋಣ. ಆಗಸ್ಟ್ 15 ಶುಕ್ರವಾರ, ಮರುದಿನ ಕೃಷ್ಣ ಜನ್ಮಾಷ್ಟಮಿ, ಅದರ ಮರುದಿನ ಭಾನುವಾರ. ಪಂಚಾಂಗವೂ ಸರ್ಕಾರವೂ ಹೀಗೆ ಸೇರಿ ಸಂಚು ಮಾಡಿದಾಗ ಮನೆಯಲ್ಲಿ ಕೂರುವುದು ಅಪರಾಧವಾಗುತ್ತದೆ. ಅಧ್ಯಯನಕ್ಕೆ ಆರಿಸಿಕೊಂಡದ್ದು ಕಲಬುರಗಿ ಕಡೆಯಿಂದ ಬಂದು ಕಾಚಿಗುಡದಲ್ಲಿ ನೆಲೆನಿಂತ, ಎರಡನೆಯ ತಲೆಮಾರು ಬಂಜಾರಾ ಹಿಲ್ಸ್‌ಗೆ ಬಡ್ತಿ ಪಡೆದ ಮಾದರಿ ಕುಟುಂಬ. ಕ್ಷೇತ್ರಕಾರ್ಯ ಪೂರ್ತಿ ವಾಟ್ಸಾಪಿನಲ್ಲಿ ನಡೆಯಿತು.

ಈ ಅಧ್ಯಯನದಿಂದ ಹೊರಬಿದ್ದ ಮೂಲನಿಯಮ ಇಷ್ಟೆ: ಯೋಜನೆಯಲ್ಲಿ ಜನ ಹೆಚ್ಚಿದಷ್ಟೂ ಬೆಟ್ಟ ಕುಳ್ಳಾಗುತ್ತದೆ.

ಹೈಟೆಕ್ ಸಿಟಿಯಲ್ಲಿ ಕೆಲಸ ಮಾಡುವ ಮಗ ಮುಳ್ಳಯ್ಯನಗಿರಿಯ ವಿಡಿಯೊ ಹಾಕುತ್ತಾನೆ. ಎತ್ತರ 1,930 ಮೀಟರ್. ಕರ್ನಾಟಕದಲ್ಲಿ ಅದಕ್ಕಿಂತ ಮೇಲೆ ಮೋಡ ಮಾತ್ರ. ಎಲ್ಲರೂ ಹೆಬ್ಬೆರಳು ಎತ್ತುತ್ತಾರೆ. ಅಷ್ಟರಲ್ಲಿ ಸೊಸೆ ರೈಲಿನ ಮಾತೆತ್ತುತ್ತಾಳೆ. ಮೊದಲೆಲ್ಲ 120 ದಿನ ಮುಂಚೆ ಟಿಕೆಟ್ ಸಿಗುತ್ತಿರಲಿಲ್ಲ. 2024ರ ನವೆಂಬರಿನಿಂದ ರೈಲ್ವೆಯವರು ಅವಧಿಯನ್ನು 60 ದಿನಕ್ಕೆ ಇಳಿಸಿರುವುದರಿಂದ ಈಗ 60 ದಿನ ಮುಂಚೆ ಸಿಗುವುದಿಲ್ಲ. ಬೆಟ್ಟ ನಂದಿಗೆ, ಅಂದರೆ 1,478 ಮೀಟರಿಗೆ ಇಳಿಯುತ್ತದೆ. “ಬೆಂಗಳೂರತನ ಹೋಗಿ ತಮ್ಮನ ಮನಿಗೆ ಹೋಗದ ಬಂದ್ರ ಛಂದ ಕಾಣಸ್ತದೇನು?” ಎಂದು ಅತ್ತೆ ಕೇಳುತ್ತಾರೆ. ತಮ್ಮನ ಮನೆಗೆ ಹೋದರೆ ಬೆಟ್ಟಕ್ಕೆ ಹೋಗಲು ಆಗುವುದಿಲ್ಲ ಎಂಬುದು ಸರ್ವವಿದಿತ. ಮದನಪಲ್ಲಿ ಹತ್ತಿರದ ಹಾರ್ಸ್ಲಿ ಬೆಟ್ಟ, 1,265 ಮೀಟರ್, ಚರ್ಚೆಗೆ ಬರುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಕಡಪದ ಕಲೆಕ್ಟರ್ ಸಾಹೇಬರು ಬಂಗಲೆ ಕಟ್ಟಿಸಿಕೊಂಡು ಹೆಸರು ಬಿಟ್ಟುಹೋದ ಜಾಗ. “ಕಲೆಕ್ಟರ್ ಹೆಸರಿನ ಗುಡ್ಡಕ್ಕ ಕಾಯಿ ಹ್ಯಾಂಗ ಒಡೀಬೇಕೋ?” ಎಂಬ ಅವ್ವನ ಪ್ರಶ್ನೆಗೆ ಉತ್ತರ ಹುಟ್ಟಲಿಲ್ಲ.

ಹತ್ತಿರದ ವಿಕಾರಾಬಾದಿನ ಅನಂತಗಿರಿಯನ್ನು ಹೆಚ್ಚು ವಿಚಾರಣೆಯಿಲ್ಲದೆ ತಿರಸ್ಕರಿಸಲಾಯಿತು. ಗುಡಿ ಇದೆ, ಕಾಡಿದೆ, ಮೂಸಿ ನದಿ ಹುಟ್ಟುವುದೂ ಅಲ್ಲೇ. ಆದರೆ ಮೂರು ದಿನದ ರಜೆಗೆ ಎರಡು ತಾಸಿನ ಬೆಟ್ಟ ಮರ್ಯಾದೆ ಅಲ್ಲ. (ಅದೇ ಮೂಸಿ 1908ರಲ್ಲಿ ನಗರಕ್ಕೆ ನುಗ್ಗಿದ ಮೇಲೆ ನಿಜಾಮರು ಕರೆಸಿಕೊಂಡದ್ದು ಸರ್ ಎಂ. ವಿಶ್ವೇಶ್ವರಯ್ಯನವರನ್ನು, ಗಂಡಿಪೇಟೆಯ ಉಸ್ಮಾನ್ ಸಾಗರ 1920ರಲ್ಲಿ ಮುಗಿಯಿತು. ಹೈದರಾಬಾದಿನಲ್ಲಿ ಕನ್ನಡಿಗರೊಬ್ಬರು ಹಾಕಿದ ಯೋಜನೆ ಹಾಕಿದಂತೆಯೇ ನಡೆದ ಉದಾಹರಣೆ ನಮಗೆ ದೊರೆತದ್ದು ಇದೊಂದೇ. ಅವರ ಗುಂಪಿನಲ್ಲಿ ಅತ್ತೆ, ಅವ್ವ ಇರಲಿಲ್ಲ ಎಂಬುದನ್ನು ಗಮನಿಸಬೇಕು.)

ಕೊನೆಗೆ ಅವ್ವ ತೀರ್ಪು ಕೊಟ್ಟರು: “ಶ್ರೀಶೈಲಕ್ಕ ಹೋಗೂಣು. ಶ್ರಾವಣ ಅದ. ಮಗಳ ಮನಿಗೆ ಹೋಗಾಕ ಇಷ್ಟ್ಯಾಕ ವಿಚಾರ?” ಉತ್ತರ ಕರ್ನಾಟಕದವರಿಗೆ ಭ್ರಮರಾಂಬೆ ಮನೆಮಗಳು, ಮಲ್ಲಯ್ಯ ಅಳಿಯ. ಯುಗಾದಿಗೆ ಬಾಗಲಕೋಟೆ, ವಿಜಯಪುರದ ಕಡೆಯವರು ಅಷ್ಟು ದೂರ ನಡೆದು ಬರುವುದು ಮಗಳಿಗೆ ಸೀರೆ ಉಡಿಸುವುದಕ್ಕೆ. ಈ ಪ್ರಮಾಣದ ಮುಂದೆ ಟ್ರೆಕಿಂಗ್ ವಿಡಿಯೊ ನಿಲ್ಲುವುದಿಲ್ಲ. ಮಗ ಮಾತ್ರ ಹಟಕ್ಕೆ ಬಿದ್ದು ಟ್ರೆಕಿಂಗ್ ಬೂಟು ಕೊಂಡ.

ಇಲ್ಲಿಂದ ಪ್ರಬಂಧದ ಮುಖ್ಯ ಶೋಧ. ಹೈದರಾಬಾದಿನ ಸರಾಸರಿ ಎತ್ತರ ಸಮುದ್ರಮಟ್ಟದಿಂದ 542 ಮೀಟರ್. ಬಂಜಾರಾ ಹಿಲ್ಸ್‌ನ ನೆತ್ತಿ 672. ಶ್ರೀಶೈಲದ ಊರು ಐನೂರು ಮೀಟರನ್ನೂ ಮುಟ್ಟುವುದಿಲ್ಲ. ಅಂದರೆ ಈ ಕುಟುಂಬ ಬೆಟ್ಟದಲ್ಲೇ ವಾಸವಿದ್ದು, ಬೆಟ್ಟ ಹತ್ತಲೆಂದು ಗಂಟುಮೂಟೆ ಕಟ್ಟಿ, ಇನ್ನೂರಕ್ಕೂ ಹೆಚ್ಚು ಕಿಲೊಮೀಟರ್ ಇಳಿದು ಹೋಗುತ್ತದೆ. ಪರ್ವತಾರೋಹಣ ಎಂಬ ಹಳೆಯ ಶಾಸ್ತ್ರಕ್ಕೆ ಪ್ರತಿಯಾಗಿ ಪರ್ವತಾವರೋಹಣ ಎಂಬ ಹೊಸ ಶಾಸ್ತ್ರದ ಅಗತ್ಯ ಇಲ್ಲಿ ಕಂಡುಬರುತ್ತದೆ.

ದಾರಿಯಲ್ಲಿ ಏರು ಇಲ್ಲವೇ ಎಂದು ಪೂರ್ವಪಕ್ಷದವರು ಕೇಳಬಹುದು. ಇದೆ. ಕಲ್ವಕುರ್ತಿ, ಡಿಂಡಿ ದಾಟಿದ ಮೇಲೆ ಮನ್ನನೂರಿನಿಂದ ರಸ್ತೆ ನಲ್ಲಮಲದ ಮೇಲೇರಿ ಅಮರಾಬಾದ್ ಹುಲಿ ಸಂರಕ್ಷಿತ ಪ್ರದೇಶವನ್ನು ಹೊಗುತ್ತದೆ. ಅಲ್ಲಿನ ಗೇಟು ರಾತ್ರಿ ಒಂಬತ್ತಕ್ಕೆ ಮುಚ್ಚಿದರೆ ತೆರೆಯುವುದು ಬೆಳಿಗ್ಗೆ ಆರಕ್ಕೆ. ಆರಕ್ಕೆ ಅಲ್ಲಿರಬೇಕೆಂದು ಮೂರಕ್ಕೇ ಎದ್ದು, ಪುಳಿಯೋಗರೆ, ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಡಬ್ಬಿಗೆ ತುಂಬಿ, ಎಂಟಕ್ಕೆ ಹೊರಟವರು ಈ ಭಾಗಕ್ಕೆ ಬರುವ ಹೊತ್ತಿಗೆ ಕಾರಿನಲ್ಲಿ ಎಚ್ಚರವಿರುವುದು ಚಾಲಕ ಒಬ್ಬನೇ. ಯಾತ್ರೆಯ ನಿಜವಾದ ಬೆಟ್ಟ ಹೀಗೆ ಗೊರಕೆಯಲ್ಲಿ ದಾಟಿಹೋಗುತ್ತದೆ. ಎಚ್ಚರವಾಗುವುದು ದೋಮಲಪೆಂಟ ದಾಟಿ ಅಣೆಕಟ್ಟಿನ ಕಡೆಗೆ ಇಳಿಯುವ ತಿರುವುಗಳಲ್ಲಿ. ಅದೂ ಮೊಮ್ಮಗ ಪುಳಿಯೋಗರೆಯನ್ನು ವಾಪಸು ಕೊಟ್ಟದ್ದರಿಂದ. ಕೃಷ್ಣೆ ತುಂಬಿ ಹನ್ನೆರಡು ಗೇಟುಗಳಲ್ಲಿ ಕೆಲವನ್ನಾದರೂ ಎತ್ತಿದ ದಿನ ಇಡೀ ಹೈದರಾಬಾದ್ ಅಲ್ಲಿಗೆ ಬಂದಿರುತ್ತದೆ; ಊರು ಬಿಟ್ಟು ಬಂದೆವೆಂಬ ಭ್ರಮೆಗೆ ಅವಕಾಶವಿಲ್ಲ.

ಶ್ರೀಶೈಲದಲ್ಲಿಯೂ ಚಲನೆ ಕೆಳಮುಖವೇ. ಮೆಟ್ಟಿಲು ಇಳಿದರೆ ಪಾತಾಳಗಂಗೆ, ಹೆಸರೇ ಸಾಕ್ಷಿ. ಬೇರೆ ಕಡೆ ರೋಪ್‌ವೇ ಇರುವುದು ಮೇಲೆ ಹೋಗಲು, ಇಲ್ಲಿ ಟಿಕೆಟ್ ಕೊಡುವುದು ಕೆಳಗಿಳಿಯಲು. ಅಲ್ಲಿಂದ ದೋಣಿಯಲ್ಲಿ ಅಕ್ಕಮಹಾದೇವಿ ಗುಹೆ. ಅಕ್ಕ ಕಲ್ಯಾಣದಿಂದ ಬಂದವಳು; ಬಸವಕಲ್ಯಾಣ ಕೂಡ 600 ಮೀಟರಿನ ಮೇಲಿದೆ. ಅವರೋಹಣ ಪರಂಪರೆಗೆ ಹನ್ನೆರಡನೆಯ ಶತಮಾನದ ಆಧಾರ ಇದ್ದಂತಾಯಿತು. ಆದರೆ ಅವಳು ಒಬ್ಬಳೇ ಬಂದಳು, ಯಾರನ್ನೂ ಕೇಳಲಿಲ್ಲ, ಏನನ್ನೂ ಕಟ್ಟಿಕೊಳ್ಳಲಿಲ್ಲ. ಆದ್ದರಿಂದ ಕೌಟುಂಬಿಕ ಯೋಜನೆಯ ಅಧ್ಯಯನಕ್ಕೆ ಆ ನಿದರ್ಶನ ಒದಗುವುದಿಲ್ಲ.

ಶಿಖರಂ ಎಂಬ ಎತ್ತರದ ಜಾಗ ಇದೆಯಲ್ಲ ಎಂಬ ಆಕ್ಷೇಪ ಉಳಿಯುತ್ತದೆ. ಅಲ್ಲಿಂದ ನಂದಿಯ ಕೊಂಬುಗಳ ನಡುವೆ ದೇವಸ್ಥಾನದ ಕಳಶ ಕಂಡವರಿಗೆ ಮರುಜನ್ಮವಿಲ್ಲ ಎನ್ನುತ್ತಾರೆ. ಎಲ್ಲರೂ ಕಣ್ಣು ಕಿರಿದು ಮಾಡಿ ನೋಡಿ, “ಹಾಂ, ಕಾಣಸ್ತು” ಎಂದರು. ಮಗ ಮಾತ್ರ ಫೋನಿನಲ್ಲಿ ಎತ್ತರ ನೋಡುತ್ತಿದ್ದ. ಯಾತ್ರಿಕರ ಹಾಜರಿ ಬರೆದುಕೊಳ್ಳುವ ಸಾಕ್ಷಿ ಗಣಪತಿಯ ಪುಸ್ತಕದಲ್ಲಿ ಅದಕ್ಕೆ ಕಾಲಂ ಇಲ್ಲ. ಹೊಸ ಬೂಟುಗಳು ಆ ಮೂರು ದಿನದ ಬಹುಪಾಲನ್ನು ದೇವಸ್ಥಾನದ ಚಪ್ಪಲಿ ಸ್ಟ್ಯಾಂಡಿನಲ್ಲಿ, ಹಿತ್ತಾಳೆ ಟೋಕನ್ನಿನ ಲೆಕ್ಕದಲ್ಲಿ ಕಳೆದವು.

ಶಾಸ್ತ್ರದ ಪ್ರಕಾರ ಹೋಗುವುದು ಅವರೋಹಣವಾದರೆ ಬರುವುದು ಆರೋಹಣವಾಗಲೇಬೇಕು. ಭಾನುವಾರ ರಾತ್ರಿ ತುಕ್ಕುಗುಡದ ಟ್ರಾಫಿಕ್ಕಿನಲ್ಲಿ ತೆವಳಿ, ಹನ್ನೊಂದೂವರೆಗೆ ಬಂಜಾರಾ ಹಿಲ್ಸ್‌ನ ನೆತ್ತಿ ಮುಟ್ಟಿದರೆ ಅಪಾರ್ಟ್‌ಮೆಂಟಿನ ಲಿಫ್ಟು ಕೆಟ್ಟಿತ್ತು. ನಾಲ್ಕನೇ ಮಹಡಿ. ಸೂಟ್‌ಕೇಸು, ಖಾಲಿ ಡಬ್ಬಿಗಳು, ಲಾಡು ಪ್ರಸಾದ, ನಿದ್ದೆ ಹೋದ ಮೊಮ್ಮಗ. ಬೂಟು ಹಾಕಿದ್ದವನು ಮಗನೊಬ್ಬನೇ ಆದ್ದರಿಂದ ಎಲ್ಲವನ್ನೂ ಅವನ ಮೇಲೆ ಹೇರಲಾಯಿತು.