ಲೈನ್‌ಮನೆ ಗೋಡೆಯ ಸದ್ದು ಅಳೆಯುವ ಕೈಪಿಡಿ

ಮೊದಲು ಗೋಡೆ ಆರಿಸಿಕೊಳ್ಳಿ. ಕೋಲಾರ ಚಿನ್ನದ ಗಣಿ ಪ್ರದೇಶದ ಚಾಂಪಿಯನ್ ರೀಫ್ಸ್‌ನ ಅತ್ಯುತ್ತಮ ತಡೆಗೋಡೆ ನೆಲದಡಿಯ ಬಂಡೆ. ಅಲ್ಲಿನ ಗಣಿಯಲ್ಲಿ, 2.3 ಕಿ.ಮೀ. ಆಳದಲ್ಲಿ, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು 1965ರಲ್ಲಿ ಒಸಾಕಾ, ಡರ್ಹಾಮ್ ವಿಜ್ಞಾನಿಗಳ ಜೊತೆ ನ್ಯೂಟ್ರಿನೋಗಳ ಜಾಡು ಹಿಡಿದರು. ಆಕಾಶದಿಂದ ಸುರಿಯುವ ಉಳಿದ ಕಣಗಳ ಗದ್ದಲವನ್ನು ಬಂಡೆ ಮೇಲೆಯೇ ನುಂಗಿಕೊಂಡಿತ್ತು. ಅದೇ ಬಂಡೆ ಒತ್ತಡ ತಾಳದೆ ಸಿಡಿದಾಗ ಮೇಲಿನ ಮನೆಗಳು ನಡುಗುತ್ತಿದ್ದವು, ಅದು ಬೇರೆ ಮಾತು. ಗಣಿ 2001ರಲ್ಲಿ ಮುಚ್ಚಿತು. ಆ ಗೋಡೆಯ ಆಸೆ ಬಿಡಿ.

ಉಳಿದದ್ದು ಕಾರ್ಮಿಕರ ಲೈನ್‌ಮನೆ. ಬಿದಿರ ತಟ್ಟಿ, ಮೇಲೆ ಮಣ್ಣು, ಅಲ್ಲಲ್ಲಿ ತಗಡು. ಮಣ್ಣು ಉದುರಿದ ಜಾಗವನ್ನೇ ಹುಡುಕಿ.

ಗೋಡೆಯಿಂದ ಒಂದೂವರೆ ಮೀಟರ್ ದೂರದಲ್ಲಿ ಸ್ಪೀಕರ್ ಇಡಿ. ಮೈಕು ನಡುವೆ ಇರಲಿ, ಗೋಡೆಗೆ ಕಾಲು ಮೀಟರ್ ದೂರದಲ್ಲಿ. ಯುರೋಪಿನ ಹೆದ್ದಾರಿ ಬದಿಯ ತಡೆಗೋಡೆಗಳನ್ನು ನಿಂತಲ್ಲೇ ಪರೀಕ್ಷಿಸುವುದೂ ಹೀಗೆಯೇ. ಈಗ 'ಟಿಕ್' ಅನ್ನಿಸಿ. ಸದ್ದು ಮೈಕಿಗೆ ಎರಡು ಸಲ ಬರುತ್ತದೆ: ಒಮ್ಮೆ ನೇರವಾಗಿ, ಇನ್ನೊಮ್ಮೆ ಗೋಡೆ ಮುಟ್ಟಿಕೊಂಡು, ಅರ್ಧ ಮೀಟರ್ ಹೆಚ್ಚು ನಡೆದು, ಸುಮಾರು 1.5 ಮಿಲಿಸೆಕೆಂಡ್ ತಡವಾಗಿ. ಮರಳಿದ ಶಕ್ತಿಯನ್ನು ನೇರ ಬಂದ ಶಕ್ತಿಯಿಂದ ಭಾಗಿಸಿ, ದೂರ ನಡೆದು ಸವೆದದ್ದನ್ನು ಸೇರಿಸಿ, ಒಂದರಿಂದ ಕಳೆಯಿರಿ. ಏಳೆಂಟು ಮಿಲಿಸೆಕೆಂಡಿನ ಆಚೆ ಬಂದದ್ದನ್ನೆಲ್ಲ ಕತ್ತರಿಸಿ ಎಸೆಯಿರಿ. ಅದು ಎದುರು ಸಾಲಿನದು, ಇಲ್ಲವೇ ಯಾರದೋ ಕುಕ್ಕರಿನದು.

ಉಳಿದದ್ದೇ ಗೋಡೆಯ ಅಂಕ, ಅಂದರೆ ಮರಳದ ಸದ್ದಿನ ಪಾಲು. ಅದು ಚೆನ್ನಾಗಿಯೇ ಬಂದೀತು. ಹಿಗ್ಗಬೇಡಿ. ಕಟ್ಟಡಗಳ ಧ್ವನಿಶಾಸ್ತ್ರಕ್ಕೆ ಬುನಾದಿ ಹಾಕಿದ ಅಮೆರಿಕದ ವಾಲೇಸ್ ಸಬೈನ್ ನೂರಕ್ಕೆ ನೂರು ಕೊಟ್ಟದ್ದು ತೆರೆದ ಕಿಟಕಿಗೆ! ಆಚೆ ಹೋದ ಸದ್ದು ಮರಳುವುದಿಲ್ಲವಲ್ಲ. ಮೈಕಿಗೆ ಗೊತ್ತಾಗುವುದೂ ಅಷ್ಟೇ. ಗೋಡೆ ನುಂಗಿತೋ, ಪಕ್ಕದ ಮನೆಗೆ ದಾಟಿಸಿತೋ, ಅದು ಹೇಳದು.

ಆದ್ದರಿಂದ ಇನ್ನೊಮ್ಮೆ 'ಟಿಕ್' ಅನ್ನಿಸಿ, ಸುಮ್ಮನೆ ನಿಲ್ಲಿ. ಗೋಡೆಯಾಚೆಯಿಂದ "ಎನ್ನಾ ಸತ್ತಂ ಅದು?" (ಅದೇನು ಸದ್ದು?) ಎಂದು ಪಕ್ಕದ ಮನೆಯ ಅಕ್ಕ ತಮಿಳಿನಲ್ಲಿ ಕೇಳಿದರೆ ಅಳತೆ ಮುಗಿಯಿತು. ಎರಡು ಮನೆ ಆಚೆಯವರು ಕೇಳಿದರೆ ಗೋಡೆಯನ್ನು ಬೈಯಬೇಡಿ. ಗೋಡೆಗೂ ಸೂರಿಗೂ ನಡುವಿನ ಸಂದಿ ನೋಡಿ. ಬೆರಳಗಲದ ಸಂದಿಯಿದ್ದರೆ ಎಷ್ಟು ದಪ್ಪದ ಗೋಡೆಯೂ ವ್ಯರ್ಥ.

ವರದಿಯಲ್ಲಿ ಎರಡು ಕಾಲಂ ಇರಲಿ: ಮರಳದ ಸದ್ದು, ದಾಟಿದ ಸದ್ದು. ಎರಡನೆಯದಕ್ಕೆ ಆ ಅಕ್ಕನ ಸಹಿ ಹಾಕಿಸಿ. ಓದಿ ಹೇಳುವ ಅಗತ್ಯವಿಲ್ಲ. ನೀವು ಒಳಗೆ ಮಾತಾಡಿಕೊಂಡದ್ದನ್ನೆಲ್ಲ ಅವರು ಆಗಲೇ ಕೇಳಿಸಿಕೊಂಡಿರುತ್ತಾರೆ.