ಹ್ಯಾಪಿ ಫೆಸ್ತ್

ಮುಂಬಯಿಯಲ್ಲಿ ಕ್ರಿಸ್ಮಸ್ ಶುಭಾಶಯವನ್ನು ಎಲ್ಲರಿಗಿಂತ ಮೊದಲು ಹೇಳುವವರು ಕ್ರೈಸ್ತರಲ್ಲ. ದೀಪಾವಳಿಯ ಕಂದೀಲು ಬಾಲ್ಕನಿಯಿಂದ ಕೆಳಗಿಳಿಯುವ ಮೊದಲೇ ಮಾಲ್‌ಗಳು ಹೇಳಿ ಮುಗಿಸಿರುತ್ತವೆ. ಆಮೇಲೆ ಬ್ಯಾಂಕಿನವರು, ವಿಮೆಯವರು, ಯಾವತ್ತೋ ಒಂದು ಹಲ್ಲು ಕೀಳಿಸಿಕೊಂಡ ತಪ್ಪಿಗೆ ನಮ್ಮ ನಂಬರನ್ನು ಬಿಡದೆ ಇಟ್ಟುಕೊಂಡಿರುವ ಕ್ಲಿನಿಕ್ಕಿನವರು. ಅಂಧೇರಿಯ ಸಿಗ್ನಲ್ಲಿನಲ್ಲಿ ಆಗಸ್ಟಿನಲ್ಲಿ ತ್ರಿವರ್ಣ ಧ್ವಜ ಮಾರಿದ ಹುಡುಗರೇ ಈಗ ಸಾಂತಾನ ಕೆಂಪು ಟೋಪಿ ಹಿಡಿದು ರಿಕ್ಷಾದೊಳಗೆ ಕೈ ತೂರಿಸುತ್ತಾರೆ. ಇಷ್ಟೆಲ್ಲ ಆಗುವಾಗ ನಮ್ಮ ಇಗರ್ಜಿಯಲ್ಲಿ ಆಗಮನ ಕಾಲದ ಮೊದಲ ಮೇಣದ ಬತ್ತಿಗೆ ಇನ್ನೂ ಬೆಂಕಿ ತಾಗಿರುವುದಿಲ್ಲ.

ಆಗಮನ ಕಾಲವೆಂದರೆ ಹಬ್ಬಕ್ಕೆ ಮುಂಚಿನ ನಾಲ್ಕು ಭಾನುವಾರಗಳು. ನಾಲ್ಕು ಬತ್ತಿ, ಮೂರು ನೇರಳೆ, ಒಂದು ಗುಲಾಬಿ. ಪಾದ್ರಿಗಳ ನಿಲುವಂಗಿಯೂ ನೇರಳೆ. ಕಾಯುವ, ಮನಸ್ಸು ಗುಡಿಸುವ ಕಾಲ ಅದು. "ಈಗಲೇ ಹ್ಯಾಪಿ ಕ್ರಿಸ್ಮಸ್ ಅನ್ನಬೇಡಿ, ಮಗು ಇನ್ನೂ ಹುಟ್ಟಿಲ್ಲ" ಎಂದು ಪಾದ್ರಿಗಳು ಪ್ರತಿವರ್ಷ ಪೀಠದಿಂದ ಗದರಿಸುತ್ತಾರೆ. ನಾವು ತಲೆಯಾಡಿಸಿ ಹೊರಗೆ ಬಂದರೆ ಅಂಗಳದಲ್ಲಿ ಯುವಕ ಸಂಘದವರು ಮೇಜು ಹಾಕಿಕೊಂಡು ಪ್ಲಮ್ ಕೇಕ್ ಮಾರುತ್ತಿರುತ್ತಾರೆ. ಪಾದ್ರಿಗಳೂ ಒಂದು ಕೊಳ್ಳುತ್ತಾರೆ, ಯುವಕರಿಗೆ ಪ್ರೋತ್ಸಾಹ ಬೇಡವೇ.

ಪಂಚಾಂಗದ ಪ್ರಕಾರ ನಮ್ಮ ಕ್ರಿಸ್ಮಸ್ ಕಾಲ ಶುರುವಾಗುವುದು 24ರ ಸಂಜೆಯಿಂದ. ಮುಗಿಯುವುದು ಜನವರಿಯಲ್ಲಿ, ಪ್ರಭುವಿನ ದೀಕ್ಷಾಸ್ನಾನದ ಹಬ್ಬಕ್ಕೆ. ಆದರೆ 26ಕ್ಕೆ ಮಾಲಿಗೆ ಹೋಗಿ ನೋಡಿ, ಮೂರು ಅಂತಸ್ತಿನ ಗಿಡವನ್ನು ಬಿಚ್ಚಿ ಪೆಟ್ಟಿಗೆಗೆ ತುಂಬುತ್ತಿರುತ್ತಾರೆ. ಊರು ಕುಣಿಯುವಾಗ ನಾವು ಕಾಯಬೇಕು, ನಾವು ಕುಣಿಯಲು ಹೊರಟರೆ ಊರು ಥರ್ಟಿಫಸ್ಟಿನ ಬುಕಿಂಗ್‌ನಲ್ಲಿ ಮುಳುಗಿರುತ್ತದೆ.

ಈ ಕಾಯುವಿಕೆಯನ್ನು ನಿಜವಾಗಿ ಪಾಲಿಸುವುದನ್ನು ನಾನು ನೋಡಿದ್ದು ನಮ್ಮ ಎದುರು ಫ್ಲ್ಯಾಟಿನ ಮಲಯಾಳಿ ಚೇಚಿಯಲ್ಲಿ. ಅವರು ಸಿರಿಯನ್ ಕ್ರಿಶ್ಚಿಯನ್ನರು. ಡಿಸೆಂಬರ್ 1ರಿಂದ ಇಪ್ಪತ್ತೈದು ದಿನಗಳ ನೋಂಬು. ಮೀನಿಲ್ಲ, ಮಾಂಸವಿಲ್ಲ, ಮೊಟ್ಟೆಯಿಲ್ಲ. ನನ್ನ ಹೆಂಡತಿ ಸಂಭ್ರಮದಿಂದ ಕೊಟ್ಟ ಕೇಕನ್ನು ಚೇಚಿ ಎರಡೂ ಕೈಯಲ್ಲಿ ತೆಗೆದುಕೊಂಡು, ಫಾಯಿಲ್‌ನಲ್ಲಿ ಸುತ್ತಿ ಫ್ರಿಜ್ಜಿನಲ್ಲಿಡುತ್ತಾರೆ. ಅದನ್ನು ಬಿಚ್ಚುವುದು ಹಬ್ಬದ ಬೆಳಿಗ್ಗೆ. ಮಂಗಳೂರು ಕಡೆಯ ಕಥೋಲಿಕರಾದ ನಾವು ಅದೇ ಹೊತ್ತಿಗೆ ಆಫೀಸಿನ ಕ್ರಿಸ್ಮಸ್ ಲಂಚಿನಲ್ಲಿ ಎರಡನೇ ಸಲ ಬಿರಿಯಾನಿ ಬಡಿಸಿಕೊಳ್ಳುತ್ತಿರುತ್ತೇವೆ. ಐದು ಮನೆ ಕ್ರೈಸ್ತರಿದ್ದಲ್ಲಿ ಆರು ಬಗೆಯ ಕ್ರಿಸ್ಮಸ್ಸು.

ಆರನೆಯದು ನನ್ನ ಮಾಮನದು. ಅವರು ಇಗರ್ಜಿ ಬಿಟ್ಟು ಒಂದು ಪ್ರಾರ್ಥನಾ ಕೂಟ ಸೇರಿದ ಮೇಲೆ ಅವರ ಕಿಟಕಿಯಲ್ಲಿ ನಕ್ಷತ್ರ ತೂಗುವುದಿಲ್ಲ. ಶುಭಾಶಯ ಹೇಳಿದರೆ "ಯಾವ ವಚನದಲ್ಲಿದೆ ತೋರಿಸು" ಎನ್ನುತ್ತಾರೆ. ತೋರಿಸಲು ಆಗುವುದಿಲ್ಲ, ಏಕೆಂದರೆ ಸುವಾರ್ತೆಗಳಲ್ಲಿ ತಾರೀಖೇ ಇಲ್ಲ. ಡಿಸೆಂಬರ್ 25ನ್ನು ರೋಮಿನಲ್ಲಿ ಆಚರಿಸಿದ್ದಕ್ಕೆ ಸಿಗುವ ಮೊದಲ ದಾಖಲೆ ಕ್ರಿ.ಶ. 336ರದ್ದು, ಅಂದರೆ ಮೂರು ಶತಮಾನ ಕಳೆದ ಮೇಲಿನದ್ದು. ಮಾಮನ ಹಟಕ್ಕೆ ಹಿರಿಯರ ಬೆಂಬಲವೂ ಇದೆ. ಇಂಗ್ಲೆಂಡಿನ ಪ್ಯೂರಿಟನ್ನರು 1647ರಲ್ಲಿ ಪಾರ್ಲಿಮೆಂಟಿನಿಂದಲೇ ಕ್ರಿಸ್ಮಸ್ಸನ್ನು ರದ್ದು ಮಾಡಿಸಿದ್ದರು. ಕಡಲಾಚೆ ಮ್ಯಾಸಚೂಸೆಟ್ಸ್‌ನವರು 1659ರಲ್ಲಿ ಹಬ್ಬ ಆಚರಿಸಿದವರಿಗೆ ಐದು ಶಿಲ್ಲಿಂಗ್ ದಂಡ ಹಾಕಿದರು. ಆ ಕಾನೂನು ಇಪ್ಪತ್ತೆರಡು ವರ್ಷ ಬಾಳಿತು. ಇದನ್ನು ನಾನು ಹೇಳಿದಾಗ ಮಾಮನ ಮುಖ ಅರಳಿದ್ದು ನೋಡಬೇಕಿತ್ತು. ಅದೇ ಖುಷಿಯಲ್ಲಿ ತಟ್ಟೆಯಿಂದ ಮೂರನೇ ನೆವ್ರಿ ಎತ್ತಿಕೊಂಡರು. ಮಾಮಿ ಕಣ್ಣರಳಿಸಿದ್ದಕ್ಕೆ, "ಇದು ತಿಂಡಿ, ಹಬ್ಬ ಅಲ್ಲ" ಎಂದರು.

ಅಮೆರಿಕದಲ್ಲಿ 'ಮೆರಿ ಕ್ರಿಸ್ಮಸ್' ಅನ್ನಬೇಕೋ 'ಹ್ಯಾಪಿ ಹಾಲಿಡೇಸ್' ಅನ್ನಬೇಕೋ ಎಂದು ದೊಡ್ಡ ಜಗಳವೇ ಇದೆಯಂತೆ. ಮುಂಬಯಿಯಲ್ಲಿ ಆ ಜಗಳ ಬೇರೂರುವುದು ಕಷ್ಟ. ಇಲ್ಲಿ ಸಿಗುವುದೇ ಒಂದು ರಜೆ, ಅದೂ ಭಾನುವಾರ ಬಿದ್ದರೆ ಹೋಯಿತು. ನಮ್ಮವರು ಇಗರ್ಜಿಯ ಅಂಗಳದಲ್ಲಿ ಹೇಳುವುದು ಎರಡನ್ನೂ ಅಲ್ಲ, 'ಹ್ಯಾಪಿ ಫೆಸ್ತ್'. ಸೆಪ್ಟೆಂಬರಿನ ಮೊಂತಿ ಫೆಸ್ತಿಗೂ ಅದೇ, ಈಸ್ಟರಿಗೂ ಅದೇ, ವಾರ್ಡಿನ ಶಿಲುಬೆಯ ಹಬ್ಬಕ್ಕೂ ಅದೇ. ಯಾವ ಹಬ್ಬ ಎಂದು ನೆನಪಿಟ್ಟುಕೊಳ್ಳುವ ತೊಂದರೆಯಿಲ್ಲ. ಪೂಜೆ ಮುಗಿದು ಹೊರಬಿದ್ದ ಜನ ಎದುರು ಸಿಕ್ಕವರ ಕೈಯನ್ನೆಲ್ಲ ಕುಲುಕುತ್ತಾ ಹೋಗುತ್ತಾರೆ. ಪಾರ್ಕಿಂಗ್ ವಿಷಯಕ್ಕೆ ವರ್ಷವಿಡೀ ಮಾತು ಬಿಟ್ಟವರ ಕೈಯೂ ಆ ನೂಕಿನಲ್ಲಿ ಬಂದುಬಿಡುತ್ತದೆ. ಹಿಡಿದ ಮೇಲೆ ಯಾರದೆಂದು ಗೊತ್ತಾಗುತ್ತದೆ, ಬಿಡುವಂತಿಲ್ಲ.

ಕೈ ಕುಲುಕಲು ಪುರಸೊತ್ತಿಲ್ಲದವರಿಗೆ ಕಾರ್ಡು ಬಂತು. ಇದನ್ನು ಹಗುರವಾಗಿ ಹೇಳುತ್ತಿಲ್ಲ, ಚರಿತ್ರೆಯೇ ಹಾಗಿದೆ. ಲಂಡನ್ನಿನ ಹೆನ್ರಿ ಕೋಲ್ ಎಂಬ ಅಧಿಕಾರಿಗೆ ಹಬ್ಬದ ಪತ್ರಗಳಿಗೆಲ್ಲ ಉತ್ತರ ಬರೆದು ಪೂರೈಸಲಾಗಲಿಲ್ಲ. 1843ರಲ್ಲಿ ಜಾನ್ ಹಾರ್ಸ್ಲಿ ಎಂಬ ಕಲಾವಿದನಿಂದ ಚಿತ್ರ ಬರೆಸಿ, ಕ್ರಿಸ್ಮಸ್ ಮತ್ತು ಹೊಸ ವರ್ಷದ ಶುಭಾಶಯವನ್ನು ಒಟ್ಟಿಗೆ ಅಚ್ಚು ಹಾಕಿಸಿದ. ಸುಮಾರು ಸಾವಿರ ಪ್ರತಿ, ತನಗೆ ಬೇಕಾದಷ್ಟು ಇಟ್ಟುಕೊಂಡು ಉಳಿದದ್ದನ್ನು ಒಂದೊಂದು ಶಿಲ್ಲಿಂಗಿಗೆ ಮಾರಾಟ. ಚಿತ್ರದಲ್ಲಿ ಒಂದು ಕುಟುಂಬ ವೈನ್ ಕುಡಿಯುತ್ತಿದೆ, ಪುಟ್ಟ ಮಗುವಿನ ಬಾಯಿಗೂ ಲೋಟ ಹಿಡಿದಿದ್ದಾರೆ. ಪಾನನಿರೋಧದವರು ಸಿಟ್ಟಾದರು. ಅಂದರೆ ಜಗತ್ತಿನ ಮೊದಲ ಕ್ರಿಸ್ಮಸ್ ಕಾರ್ಡೇ ಕ್ರೈಸ್ತರೊಳಗೆ ತಕರಾರು ಎಬ್ಬಿಸಿತ್ತು. ಡಿಕನ್ಸನ 'ಎ ಕ್ರಿಸ್ಮಸ್ ಕ್ಯಾರಲ್' ಹೊರಬಂದದ್ದೂ ಅದೇ ವರ್ಷ, ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನ ಮೋಗ್ಲಿಂಗರು 'ಮಂಗಳೂರ ಸಮಾಚಾರ' ಶುರುಮಾಡಿದ್ದೂ ಅದೇ ವರ್ಷ. ಕನ್ನಡ ಪತ್ರಿಕೆಗೂ ಕ್ರಿಸ್ಮಸ್ ಕಾರ್ಡಿಗೂ ಒಂದೇ ವಯಸ್ಸು. ವಾಟ್ಸಾಪಿನಲ್ಲಿ ಕುಲುಕುವ ಸಾಂತಾನನ್ನು ಇನ್ನೂರು ಜನರಿಗೆ ಒಟ್ಟಿಗೆ ತಳ್ಳುವ ನನ್ನ ಭಾವ ಹೆನ್ರಿ ಕೋಲನ ನೇರ ವಾರಸುದಾರ.

ನಮ್ಮ ಬಾಲ್ಯದಲ್ಲಿ ಬಂದ ಕಾರ್ಡುಗಳನ್ನು ದಾರಕ್ಕೆ ಪೋಣಿಸಿ ಗೋಡೆಗೆ ಕಟ್ಟುತ್ತಿದ್ದೆವು. ಎಲ್ಲದರಲ್ಲೂ ಹಿಮ. ಮೂವತ್ತು ಡಿಗ್ರಿ ಮಧ್ಯಾಹ್ನದಲ್ಲಿ ಫ್ಯಾನಿನ ಗಾಳಿಗೆ ಹಿಮ ಪಟಪಟ ಹಾರುತ್ತಿತ್ತು. ಗಿಡದ ಮೇಲಿನ ಹಿಮಕ್ಕೆ ಮೆಡಿಕಲ್ ಸ್ಟೋರಿನ ಹತ್ತಿಯೇ ಗತಿ. ಹತ್ತಿಯಿಂದಲೇ ದೊಡ್ಡದಾದ ನಗರವಲ್ಲವೇ ಇದು, ಹಿಮಕ್ಕೂ ಅದೇ ಒದಗಿತು. ಆದರೆ ಗೋದಲಿ ಮಾತ್ರ ಅಪ್ಪಟ ನಮ್ಮ ಊರಿನದು. ಬೆತ್ಲೆಹೆಮಿನ ಹುಲ್ಲಿಗಾಗಿ ಅಮ್ಮ ಹದಿನೈದು ದಿನ ಮೊದಲೇ ರಾಗಿ, ಭತ್ತ ನೆನೆಸಿ ಮೊಳಕೆ ಬರಿಸುತ್ತಿದ್ದಳು. ಮಂಗಳೂರಿನಲ್ಲಾದರೆ ಹಿತ್ತಿಲು, ಇಲ್ಲಿ ಐಸ್‌ಕ್ರೀಮಿನ ಖಾಲಿ ಡಬ್ಬ ಮತ್ತು ಅಡುಗೆಮನೆಯ ಕಿಟಕಿಯ ಸರಳು. ಪಾರಿವಾಳಗಳ ಕಣ್ಣು ತಪ್ಪಿಸಿ ಬೆಳೆದದ್ದಷ್ಟೇ ಕುರುಬರ ಪಾಲಿಗೆ.

ಈ ನಗರಕ್ಕೆ ಕ್ರಿಸ್ಮಸ್ ಇವತ್ತು ನಿನ್ನೆಯದಲ್ಲ. ಪೋರ್ಚುಗೀಸರ ಕಾಲಕ್ಕೇ ಕ್ರೈಸ್ತರಾದ ಇಲ್ಲಿನ ಮೂಲನಿವಾಸಿಗಳಿದ್ದಾರೆ, ಮನೆಮಾತು ಮರಾಠಿ. 1887ರಲ್ಲಿ ವಿಕ್ಟೋರಿಯಾ ರಾಣಿಯ ಸುವರ್ಣ ಮಹೋತ್ಸವದ ಸಮಯಕ್ಕೆ ತಮ್ಮನ್ನು ಈಸ್ಟ್ ಇಂಡಿಯನ್ನರೆಂದು ಕರೆದುಕೊಂಡರು, ಪಶ್ಚಿಮ ಕರಾವಳಿಯಲ್ಲಿ ಕೂತುಕೊಂಡೇ. ಇನ್ನು ಕೋಟೆಯ ಸೇಂಟ್ ಥಾಮಸ್ ಕೆಥೀಡ್ರಲ್ ಪ್ರಾರ್ಥನೆಗೆ ತೆರೆದುಕೊಂಡದ್ದು 1718ರ ಕ್ರಿಸ್ಮಸ್ ದಿನ. ಆ ಚರ್ಚಿಗೆ ಹೋಗುವ ಕೋಟೆಬಾಗಿಲಿಗೆ ಚರ್ಚ್‌ಗೇಟ್ ಎಂದು ಹೆಸರಾಯಿತು. ಕೋಟೆ ಒಡೆದರು, ಬಾಗಿಲು ಹೋಯಿತು, ಹೆಸರು ರೈಲ್ವೆಗೆ ಸೇರಿಕೊಂಡಿತು. ವಿರಾರಿನಿಂದ ಜೋತುಬಿದ್ದು ಬರುವ ಲಕ್ಷಾಂತರ ಜನ ದಿನವೂ ಆ ಚರ್ಚಿನ ಹೆಸರೆತ್ತುತ್ತಾರೆ. ನಾನು ಕಂಡಂತೆ ಯಾವ ಧರ್ಮಪ್ರಚಾರಕನಿಗೂ ಇಷ್ಟು ಜನ ಸಿಕ್ಕಿಲ್ಲ.

ನಡುರಾತ್ರಿಯ ಪೂಜೆಯ ಕತೆ ಕೇಳಬೇಕು. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ತೆರೆದ ಜಾಗದಲ್ಲಿ ಧ್ವನಿವರ್ಧಕ ಕೂಡದೆಂಬ ನಿಯಮ 2000ದಲ್ಲಿ ಬಂತು. ಉಪನಗರಗಳಲ್ಲಿ ಇಗರ್ಜಿಯೊಳಗೆ ಹಿಡಿಯದಷ್ಟು ಜನ, ಆದ್ದರಿಂದ ಪೂಜೆ ಮೈದಾನದಲ್ಲಿ. ಮೈಕಿಲ್ಲದೆ ನಡೆಯುವುದಿಲ್ಲ. ಹೀಗಾಗಿ ನಡುರಾತ್ರಿಯು ಮೆಲ್ಲಗೆ ಹಿಂದಕ್ಕೆ ಸರಿದು, ಎಷ್ಟೋ ಕಡೆ ಎಂಟೂವರೆಗೆ ಬಂದು ಕೂತಿತು. ಬಾಯಲ್ಲಿ ಮಾತ್ರ ಅದಿನ್ನೂ 'ಮಿಡ್‌ನೈಟ್ ಮಾಸ್'. "ಮಿಡ್‌ನೈಟ್ ಮಾಸ್ ಎಷ್ಟು ಗಂಟೆಗೆ?" ಎಂಬ ಪ್ರಶ್ನೆಯನ್ನು ಇಲ್ಲಿ ನಗದೆ ಕೇಳಬಹುದು, ನಗದೆ ಉತ್ತರಿಸಬಹುದು. ನನಗೇನೂ ಬೇಸರವಿಲ್ಲ. ಹಸುಗೂಸುಗಳೂ ಮೊಣಕಾಲು ನೋವಿನ ಅಜ್ಜಿಯರೂ ನಿದ್ದೆಗೆ ಮೊದಲೇ ಬಾಲಯೇಸುವಿಗೆ ಮುತ್ತಿಟ್ಟು ಮನೆಗೆ ಬರುತ್ತಾರೆ.

ಆ ರಾತ್ರಿ ಓದುವ ಪಾಠ ಲೂಕನ ಸುವಾರ್ತೆಯದು. ಅದರಲ್ಲಿ ಶುಭಾಶಯ ಮೊದಲು ಹೋಗುವುದು ರಾತ್ರಿ ಪಾಳಿಯವರಿಗೆ, ಹೊಲದಲ್ಲಿ ಕುರಿ ಕಾಯುತ್ತಿದ್ದವರಿಗೆ. ದೇವದೂತ ಬಂದವನೇ ಹ್ಯಾಪಿ ಎನ್ನುವುದಿಲ್ಲ, ಹೆದರಬೇಡಿ ಎನ್ನುತ್ತಾನೆ. ಪಾದ್ರಿಗಳು ಇದನ್ನು ವಿವರಿಸುವಾಗ ನನ್ನ ತಲೆಯಲ್ಲಿ ಡ್ರೈಫ್ರೂಟ್ ಪೆಟ್ಟಿಗೆಗಳ ಲೆಕ್ಕ ಓಡುತ್ತಿರುತ್ತದೆ. ಬಾಸಿಗೆ ದೊಡ್ಡದು, ಆಡಿಟರಿಗೆ ಮಧ್ಯಮ. ನಮಗೆಲ್ಲ ಮತ್ತಾಯನ ಸುವಾರ್ತೆಯ ಜ್ಯೋತಿಷಿಗಳೇ ಹೆಚ್ಚು ಪ್ರಿಯ, ಅವರು ಅರಮನೆಗೂ ಹೋದವರು, ಚಿನ್ನವನ್ನೂ ತಂದವರು. ಅಪ್ಪನ ಕ್ರಮ ಬೇರೆಯಿತ್ತು. ಮನೆಯಿಂದ ಹೊರಡುವ ಮೊದಲ ತಟ್ಟೆ ಕೆಳಗೆ ಗೇಟಿನ ವಾಚ್‌ಮನ್ ಭಯ್ಯಾನಿಗೆ, ಆಮೇಲೆ ಅಕ್ಕಪಕ್ಕ, ಸೊಸೈಟಿ ಸೆಕ್ರೆಟರಿ ಕೊನೆಗೆ. ಲೂಕನನ್ನು ಓದಿ ಹೀಗೆ ಮಾಡುತ್ತೀರಾ ಎಂದು ನಾನೊಮ್ಮೆ ಕೇಳಿದೆ. "ಪೂಜೆ ಮುಗಿಸಿ ಬರುವಾಗ ಗೇಟು ತೆಗೆಯುವವನು ಅವನಲ್ಲವಾ ಮಾರಾಯ" ಎಂದರು.

ಆ ತಟ್ಟೆಯಲ್ಲಿರುವುದು ಕುಸ್ವಾರ್. ನೆವ್ರಿ, ಕಿಡ್ಯೊ, ಗುಳಿಯೊ, ತುಕ್ಡಿ, ಗುಲಾಬಿ ಹೂವಿನಂಥ ಕೊಕ್ಕಿಸಾಂ, ಚಕ್ಕುಲಿ, ಲಾಡು. ಕಿಡ್ಯೊ ಎಂದರೆ ಹುಳಗಳು, ಹೆದರಬೇಡಿ, ಹಿಟ್ಟಿನವು. ಹಿಟ್ಟಿನ ಗೋಲಿಯನ್ನು ಬಾಚಣಿಗೆಯ ಮೇಲೆ ಒತ್ತಿ ಸುರುಳಿ ಸುತ್ತಿದರೆ ಮೈತುಂಬ ಗೆರೆ ಬರುತ್ತದೆ. ಇದಕ್ಕೆಂದೇ ಪ್ರತಿ ಡಿಸೆಂಬರಿನಲ್ಲಿ ಹೊಸ ಬಾಚಣಿಗೆ. ಹಬ್ಬ ಮುಗಿದ ಮೇಲೆ ಅದು ತಲೆಗೆ ಬಡ್ತಿ ಪಡೆಯುವುದರಿಂದ ಮುಂದಿನ ವರ್ಷ ಮತ್ತೆ ಹೊಸತು. ಸಂಜೆ ಆಫೀಸಿನಿಂದ ಬಂದವರನ್ನೂ ಬಿಡದೆ ಎಲ್ಲರನ್ನೂ ಮೇಜಿಗೆ ಕೂರಿಸಿ ಸುತ್ತಿಸುತ್ತಾರೆ. ಮನೆಯ ಮುಖ್ಯ ಸುದ್ದಿಗಳು, ಯಾರ ಮದುವೆ ನಿಂತಿತು, ಯಾರು ಕೆನಡಾಕ್ಕೆ ಹೊರಟರು, ಎಲ್ಲ ಬಯಲಾಗುವುದು ಆ ಮೇಜಿನಲ್ಲಿ. ಈಗ ಬೇಕರಿಯಿಂದ ಕಿಲೋ ಲೆಕ್ಕದಲ್ಲಿ ತರುವವರೇ ಹೆಚ್ಚು. ರುಚಿ ಕೆಟ್ಟದ್ದೇನಲ್ಲ, ಆದರೆ ಕೆನಡಾದ ಸುದ್ದಿ ತಡವಾಗಿ ತಿಳಿಯುತ್ತದೆ.

ತಟ್ಟೆಯ ಮೇಲೆ ಕ್ರೋಶಾ ಹೆಣಿಗೆಯ ಬಟ್ಟೆ ಮುಚ್ಚಿ ಮಕ್ಕಳ ಕೈಯಲ್ಲಿ ಮಾಳಿಗೆ ಮಾಳಿಗೆಗೆ ಕಳಿಸುವುದು ರೂಢಿ. ಜೈನರ ಮನೆಗೆ ಹೋಗುವ ತಟ್ಟೆಯಲ್ಲಿ ಕೇಕಿಲ್ಲ, ತೆಂಗಿನಕಾಯಿಯ ನೆವ್ರಿ ಹೆಚ್ಚು. ಮಗಳಿಗೆ ಇದೆಲ್ಲ ಬಾಯಿಪಾಠ: ಮೂರನೇ ಮಾಳಿಗೆಗೆ ಮೊಟ್ಟೆಯಿಲ್ಲ, ಐದನೆಯದಕ್ಕೆ ಸಕ್ಕರೆ ಕಾಯಿಲೆ, ಏಳನೆಯದರಲ್ಲಿ ಬೆಲ್ ಒತ್ತಿದ ಮೇಲೆ ಅಜ್ಜಿಗೆ ಬಾಗಿಲ ತನಕ ಬರಲು ಸಮಯ ಕೊಡಬೇಕು. "ಹ್ಯಾಪಿ ಕ್ರಿಸ್ಮಸ್ ಬಾಳ" ಎಂದು ಆ ಮರಾಠಿ ಅಜ್ಜಿ ಹೇಳುವುದು ತಟ್ಟೆ ಕೈಗೆ ಬಂದ ಮೇಲೆ. ಖಾಲಿ ತಟ್ಟೆ ವಾಪಸು ಕೊಡುವುದು ಅವರಲ್ಲಿ ಅಪಶಕುನ. ಆ ಹೊತ್ತಿಗೆ ಮನೆಯಲ್ಲಿ ತಕ್ಕದ್ದೇನೂ ಇರದ ಕಾರಣ ನಮ್ಮ ತಟ್ಟೆ ಅಲ್ಲೇ ಉಳಿದು, ಸಂಕ್ರಾಂತಿಯ ದಿನ ತಿಳ್ಗುಳ್ ಹೊತ್ತು ಮರಳುತ್ತದೆ. ಗುಜರಾತಿಗಳ ಮನೆಯಲ್ಲಿ ಸಿಕ್ಕಿಕೊಂಡದ್ದಂತೂ ಒಮ್ಮೊಮ್ಮೆ ಮುಂದಿನ ದೀಪಾವಳಿಯ ತನಕ ರಜೆ ಹಾಕುತ್ತದೆ.

ಹಳೆಯ ಸ್ಟೀಲ್ ತಟ್ಟೆಗಳಿಗೆಲ್ಲ ಅಮ್ಮ ಹೆಸರು ಕೊರೆಸಿದ್ದಳು, ಕಳೆದುಹೋಗಬಾರದೆಂದು. ಎಲ್ಲರ ಮನೆಯವರೂ ಹಾಗೆಯೇ ಕೊರೆಸಿದ್ದರು. ಮೊನ್ನೆ ಕಪಾಟು ತೆಗೆದು ಎಣಿಸಿದರೆ ನಮ್ಮ ಹೆಸರಿನವು ಎರಡೇ. ಉಳಿದವುಗಳಲ್ಲಿ ಮರಾಠಿ, ಮಲಯಾಳ, ಇನ್ನೊಂದರಲ್ಲಿ ಗುಜರಾತಿ ಅಕ್ಷರ. ಗುಜರಾತಿಯದ್ದು ಯಾರದೆಂದು ವಿಚಾರಿಸಿದೆವು. ಕಟ್ಟಡದಲ್ಲಿದ್ದ ಮೂರೂ ಗುಜರಾತಿ ಮನೆಯವರು ತಮ್ಮದಲ್ಲ ಎಂದರು. ಅವರಲ್ಲಿ ಒಬ್ಬರು ಮಾತ್ರ, ನಿಮ್ಮ ಅಮ್ಮನ ಹೆಸರಿರುವ ತಟ್ಟೆ ನಮ್ಮಲ್ಲಿದೆ, ಅದರಲ್ಲೇ ನಾನು ದಿನಾ ಊಟ ಮಾಡುವುದು, ವಾಪಸು ಬೇಕಾ ಎಂದು ಸಂಕೋಚದಿಂದ ಕೇಳಿದರು. ಬೇಡ ಎಂದು ಹೆಂಡತಿ ತಕ್ಷಣ ಹೇಳಿದಳು. ಮೆಟ್ಟಿಲು ಇಳಿಯುತ್ತಾ ನನ್ನ ಕಿವಿಯಲ್ಲಿ, ಅವರ ಅಡುಗೆಮನೆಯಲ್ಲಿ ನಮ್ಮ ದೊಡ್ಡ ಡಬ್ಬಿಯೂ ಇದೆ, ಅದನ್ನು ಕೇಳಬೇಕಿತ್ತು ಎಂದಳು.