ಕಡತ ಮುಂದಿನ ಟೇಬಲ್ಲಿಗೆ

ಸಿ ಭಾಷೆಯಲ್ಲಿ ಬರೆದ ಒಂದು ಫೈಲನ್ನು ಕಂಪೈಲ್ ಮಾಡಬೇಕೆಂದರೆ ಒಂದು ಸಾಲು ಟೈಪಿಸಿ ಎಂಟರ್ ಒತ್ತಿದರೆ ಸಾಕು. ಇಷ್ಟು ಸಲೀಸಾಗಿ ಕೆಲಸ ಆಗಿಬಿಟ್ಟರೆ ತಂತ್ರಜ್ಞರ ಮರ್ಯಾದೆ ಉಳಿಯುವುದು ಹೇಗೆ? ಅದಕ್ಕೇ ಫೈಲುಗಳು ಎರಡಾದ ದಿನದಿಂದಲೇ ಕಂಪೈಲರ್ ಮುಂದೆ ಒಬ್ಬೊಬ್ಬರೇ ಟೇಬಲ್ ಹಾಕಿಕೊಂಡು ಕೂರತೊಡಗಿದರು. ಈಗ ಆ ಸಾಲು ತಾಲ್ಲೂಕು ಕಚೇರಿಯನ್ನೂ ನಾಚಿಸುವಷ್ಟು ಉದ್ದವಾಗಿದೆ.

ಮೊದಲ ಟೇಬಲ್ ಮೇಕ್‌ನದು. 1976ರಲ್ಲಿ ಬೆಲ್ ಲ್ಯಾಬ್ಸ್‌ನ ಸ್ಟುವರ್ಟ್ ಫೆಲ್ಡ್‌ಮನ್ ಬರೆದದ್ದು. ಬದಲಾದ ಫೈಲನ್ನೂ ಅದನ್ನು ನೆಚ್ಚಿಕೊಂಡವನ್ನೂ ಮಾತ್ರ ಮತ್ತೆ ಕಂಪೈಲ್ ಮಾಡು, ಉಳಿದದ್ದನ್ನು ಮುಟ್ಟಬೇಡ ಎನ್ನುವ ಚೊಕ್ಕ ಆಲೋಚನೆ. ಒಂದೇ ಒಂದು ಕಿರಿಕ್ಕು: ಆದೇಶದ ಸಾಲು ಟ್ಯಾಬ್‌ನಿಂದಲೇ ಶುರುವಾಗಬೇಕು. ಅದರ ಬದಲು ಎಂಟು ಸ್ಪೇಸ್ ಕೊಟ್ಟರೆ ಕಣ್ಣಿಗೆ ಎರಡೂ ಒಂದೇ, ಮೇಕ್‌ಗೆ ಮಾತ್ರ ಮಹಾಪರಾಧ. ಇದನ್ನು ತಿದ್ದೋಣ ಎಂದು ಫೆಲ್ಡ್‌ಮನ್‌ಗೆ ಅನಿಸುವ ಹೊತ್ತಿಗೆ ಹತ್ತು ಹನ್ನೆರಡು ಮಂದಿ ಅದನ್ನು ಬಳಸತೊಡಗಿದ್ದರು, ಹೆಚ್ಚಿನವರು ಸ್ನೇಹಿತರೇ. ಪಾಪ, ಅವರಿಗೆ ಯಾಕೆ ತೊಂದರೆ ಎಂದು ಸುಮ್ಮನಾದರು. ಆ ಹನ್ನೆರಡು ಜನರ ಸುಖಕ್ಕಾಗಿ ಮಿಕ್ಕ ಭೂಮಂಡಲ ಅರ್ಧ ಶತಮಾನದಿಂದ ಟ್ಯಾಬ್ ಒತ್ತುತ್ತಲೇ ಇದೆ.

ಅಷ್ಟರಲ್ಲಿ ಯುನಿಕ್ಸ್ ಕುಟುಂಬದಲ್ಲಿ ಪಾಲಾಯಿತು. ಸನ್, ಎಚ್‌ಪಿ, ಐಬಿಎಂ ಎಲ್ಲರದೂ ಬೇರೆ ಬೇರೆ ಒಲೆ. ಯಾರ ಮನೆಯಲ್ಲಿ ಏನಿದೆ, ಏನಿಲ್ಲ ಎಂದು ವಿಚಾರಿಸಲೆಂದೇ 1991ರಲ್ಲಿ ಡೇವಿಡ್ ಮೆಕೆಂಜಿ ಆಟೋಕಾನ್ಫ್ ಶುರು ಮಾಡಿದರು. ಅದರಿಂದ ಹುಟ್ಟುವ ಕಾನ್ಫಿಗರ್ ಎಂಬ ಶೆಲ್ ಸ್ಕ್ರಿಪ್ಟು ಸಾವಿರಾರು ಸಾಲುಗಳದ್ದು. ಓಡಿಸಿದರೆ ಸಾಕು, ವಿಚಾರಣೆ ಶುರು. ಸಿ ಕಂಪೈಲರ್ ಕೆಲಸ ಮಾಡುತ್ತದೆಯೇ? ಹೌದು. ಬಿಲ್ಡ್ ಪರಿಸರದ ಬುದ್ಧಿ ಸ್ಥಿಮಿತದಲ್ಲಿದೆಯೇ? ಹೌದು. (ಇದು ನನ್ನ ಕುಚೋದ್ಯವಲ್ಲ, ಈ ಪ್ರಶ್ನೆ ನಿಜಕ್ಕೂ ಪರದೆಯ ಮೇಲೆ ಬರುತ್ತದೆ. ಓಡಿಸುತ್ತಿರುವವನ ಬುದ್ಧಿಯ ಬಗ್ಗೆ ಮಾತ್ರ ಯಾರೂ ವಿಚಾರಿಸುವುದಿಲ್ಲ.) ಫೋರ್ಟ್ರಾನ್‌ನ ಒಂದೇ ಒಂದು ಸಾಲಿಲ್ಲದ ಪ್ರಾಜೆಕ್ಟುಗಳೂ ಬಹಳ ಕಾಲ ಫೋರ್ಟ್ರಾನ್ ಕಂಪೈಲರನ್ನು ಹುಡುಕಿಕೊಂಡು ಕೂರುತ್ತಿದ್ದವು. ಇಷ್ಟೆಲ್ಲ ಆದಮೇಲೂ ವಿಂಡೋಸ್‌ನವರಿಗೆ ಒಳಗೆ ಪ್ರವೇಶವಿಲ್ಲ, ಯುನಿಕ್ಸ್ ಶೆಲ್ ತಂದವರಿಗಷ್ಟೇ ದರ್ಶನ.

ಎಲ್ಲ ವೇದಿಕೆಗಳಿಗೂ ಒಂದೇ ಪರಿಹಾರ ಎಂದು ಬಂದದ್ದು ಸಿಮೇಕ್. ಇದರ ಜನ್ಮವೃತ್ತಾಂತ ಕೇಳಬೇಕು. ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯದ ಒಂದು ಯೋಜನೆಯಲ್ಲಿ ಗಂಡಸಿನ ಶವವೊಂದನ್ನು ಹೆಪ್ಪುಗಟ್ಟಿಸಿ, ಒಂದೊಂದು ಮಿಲಿಮೀಟರಿಗೆ ಒಂದರಂತೆ 1,871 ಹೋಳುಗಳಾಗಿ ಚಿತ್ರ ತೆಗೆದರು. ಆ ಚಿತ್ರಗಳನ್ನು ಸಂಸ್ಕರಿಸಲು ಐಟಿಕೆ ಎಂಬ ತಂತ್ರಾಂಶ ಬೇಕಾಯಿತು. ಅದು ವಿಂಡೋಸ್, ಯುನಿಕ್ಸ್ ಎರಡರಲ್ಲೂ ಕಂಪೈಲ್ ಆಗಬೇಕಿತ್ತು. ಅದಕ್ಕಾಗಿ 2000ದ ಹೊತ್ತಿಗೆ ಕಿಟ್‌ವೇರ್ ಕಂಪನಿಯವರು ಕಟ್ಟಿದ್ದು ಸಿಮೇಕ್. ಹೆಣ ಕೊಯ್ಯುವ ಯೋಜನೆಯಲ್ಲಿ ಹುಟ್ಟಿದ್ದು ಬದುಕಿರುವವರ ಮೇಲೆ ಅದೇ ಪ್ರಯೋಗವನ್ನು ಮುಂದುವರಿಸಿದರೆ ಆಶ್ಚರ್ಯವೇನು?

ಸಿಮೇಕ್‌ನ ಮೊದಲ ವಿಶೇಷವೆಂದರೆ ಅದು ಏನನ್ನೂ ಬಿಲ್ಡ್ ಮಾಡುವುದಿಲ್ಲ. ಕಡತ ಬರೆಯುತ್ತದೆ. ಲಿನಕ್ಸ್ ಆದರೆ ಮೇಕ್‌ಗೆ, ವಿಂಡೋಸ್ ಆದರೆ ವಿಷುಯಲ್ ಸ್ಟುಡಿಯೋಗೆ, ಮ್ಯಾಕ್ ಆದರೆ ಎಕ್ಸ್‌ಕೋಡ್‌ಗೆ. ಕಡತ ಬಂತೆಂದು ಮೇಕ್ ತಾನಾದರೂ ಕಂಪೈಲ್ ಮಾಡುತ್ತದೆಯೇ? ಇಲ್ಲ, ಜಿಸಿಸಿ ಎಂಬ ಕಂಪೈಲರ್‌ಗೆ ದಾಟಿಸುತ್ತದೆ. ಜಿಸಿಸಿಯೂ ಅಷ್ಟೇ, ಕಂಪೈಲ್ ಮಾಡುವುದು ಅದರ ಹಿಂದೆ ಕೂತ ಸಿಸಿ1, ಜೋಡಿಸುವುದು ಅಸೆಂಬ್ಲರ್, ಕೊನೆಯಲ್ಲಿ ಹೊಲಿಗೆ ಹಾಕುವುದು ಲಿಂಕರ್. ಇದರ ನಡುವೆ ‘ನೂರಕ್ಕೆ ನಲವತ್ತೆರಡು ಭಾಗ ಆಯಿತು’ ಎಂದು ಪರದೆಯ ಮೇಲೆ ಮೂಡುತ್ತದಲ್ಲ, ಅದನ್ನು ಮೂಡಿಸಲಿಕ್ಕೆ ಮೇಕ್ ಮತ್ತೆ ಸಿಮೇಕನ್ನೇ ಕರೆಯುತ್ತದೆ. ಕಡತ ಹೊರಟ ಟೇಬಲ್ಲಿಗೇ ವಾಪಸ್! ಎಲ್ಲ ಟೇಬಲ್ಲುಗಳಲ್ಲೂ ಬೆವರು ಸುರಿಸುವವನು ಸಿಸಿ1 ಒಬ್ಬನೇ, ಅವನ ಹೆಸರು ಯಾರಿಗೂ ಗೊತ್ತಿಲ್ಲ.

ಇನ್ನು ಭಾಷೆ. ಸಿಮೇಕ್‌ನಲ್ಲಿ ಎಲ್ಲವೂ ಅಕ್ಷರಸರಣಿ. ಸಂಖ್ಯೆಯೂ ಅದೇ, ಸತ್ಯ ಸುಳ್ಳುಗಳೂ ಅದೇ, ಪಟ್ಟಿ ಎಂದರೆ ನಡುನಡುವೆ ಅರ್ಧವಿರಾಮ ಇಟ್ಟ ಅದೇ. ‘ಆಫ್’, ‘ನೋ’, ‘ಎನ್’ ಇವೆಲ್ಲ ಸುಳ್ಳು, ಒಪ್ಪೋಣ. ‘ಇಗ್ನೋರ್’ ಕೂಡ ಸುಳ್ಳು. ಹೈಫನ್ ಹಾಕಿ ‘ನಾಟ್‌ಫೌಂಡ್’ ಎಂದು ಕೊನೆಗೊಳ್ಳುವ ಯಾವ ಮಾತೇ ಆದರೂ ಸುಳ್ಳು. ಹಳೆಯ ಫೈಲುಗಳಲ್ಲಿ ಇನ್ನೊಂದು ಸೊಗಸಿದೆ. ‘ಇಫ್’ ಒಳಗೆ ಬರೆದ ಷರತ್ತನ್ನೇ ‘ಎಲ್ಸ್’ ಮುಂದೆಯೂ ಬರೆಯಬೇಕಿತ್ತು. ಅಂದರೆ ‘ಎಲ್ಸ್ ವಿನ್32’ ಎಂದು ಬರೆದಲ್ಲಿ ನಡೆಯುವುದು ವಿಂಡೋಸ್ ಅಲ್ಲದವರ ಕೆಲಸ. ಯಂತ್ರ 64 ಬಿಟ್‌ನದೇ ಆದರೂ ‘ವಿನ್32’ ನಿಜವೇ. ಇದನ್ನೆಲ್ಲ ಅರಗಿಸಿಕೊಂಡವನು ಮನೆಯಲ್ಲಿ ಹೆಂಡತಿ ‘ಏನಿಲ್ಲ ಬಿಡಿ’ ಎಂದಾಗಲೂ ಗಾಬರಿಯಾಗುವುದಿಲ್ಲ.

ಲೈಬ್ರರಿಯೊಂದು ಸಿಗದಿದ್ದಾಗ ಸಿಮೇಕ್ ಕೊಡುವ ಉತ್ತರವನ್ನು ಹಾಗೇ ಕನ್ನಡಿಸಿದರೆ ಸರ್ಕಾರಿ ಹಿಂಬರಹವೇ: ‘ಸದರಿ ಪ್ಯಾಕೇಜನ್ನು ಹುಡುಕುವ ಕಡತವನ್ನು ತಾವು ಒದಗಿಸದೇ ಇರುವುದರಿಂದ, ಸದರಿ ಪ್ಯಾಕೇಜೇ ಒದಗಿಸುವ ಕಡತವನ್ನು ಹುಡುಕುವಂತೆ ತಾವು ಕೋರಿದ್ದೀರೆಂದು ಭಾವಿಸಲಾಗಿದೆ. ಅದು ಕಂಡುಬಂದಿರುವುದಿಲ್ಲ.’ ಲೈಬ್ರರಿಯನ್ನು ಇನ್‌ಸ್ಟಾಲ್ ಮಾಡಿ ಮತ್ತೆ ಕೇಳಿದರೂ ಕೆಲವು ಸಲ ‘ಇಲ್ಲ’ ಎಂದೇ ಹೇಳುತ್ತದೆ. ಮೊದಲ ಸಲ ಹೇಳಿದ್ದನ್ನು ಕ್ಯಾಶ್ ಫೈಲಿನಲ್ಲಿ ಬರೆದಿಟ್ಟುಕೊಂಡಿರುತ್ತದೆ, ಕೊಟ್ಟ ಮಾತಿಗೆ ತಪ್ಪುವುದಿಲ್ಲ. ಆಗ ಬಿಲ್ಡ್ ಫೋಲ್ಡರನ್ನೇ ಅಳಿಸಿ ಮೊದಲಿನಿಂದ ಶುರು ಮಾಡಬೇಕು. ನಮ್ಮ ಇಂಜಿನಿಯರುಗಳು ಸಿಮೇಕ್ ಬಗ್ಗೆ ಒಮ್ಮತದಿಂದ ಹೇಳುವ ಏಕೈಕ ಸಲಹೆ ಇದು.

ಹಾಗಾದರೆ ಬೇರೆಯವರ ಹತ್ತಿರ ಹೋಗಬಾರದೇ ಎನ್ನುತ್ತೀರಿ. ಹೋಗಿ ಬಂದವರಿದ್ದಾರೆ. ಕೆಡಿಇಯವರು ಸ್ಕಾನ್ಸ್ ಹಿಡಿದು ಹೆಣಗಿ 2006ರಲ್ಲಿ ಸಿಮೇಕ್‌ಗೆ ಶರಣಾದರು. ಕ್ಯೂಟಿಯವರು ತಮ್ಮದೇ ಕ್ಯೂಮೇಕ್ ಕಟ್ಟಿ, ಅದು ಸಾಲದೆಂದು ಕ್ಯೂಬಿಎಸ್ ಕಟ್ಟಿ, ಕೊನೆಗೆ ಎರಡನ್ನೂ ಬದಿಗಿಟ್ಟು ಸಿಮೇಕ್ ಹಿಡಿದರು. ಫಿನ್ಲೆಂಡಿನ ಯೂಸಿ ಪಕ್ಕನೆನ್ 2012ರ ಕ್ರಿಸ್ಮಸ್ ಹೊತ್ತಿಗೆ ಮೆಸಾನ್ ಶುರು ಮಾಡಿದರು. ನೋಡಲು ಲಕ್ಷಣವಾಗಿದೆ, ಗ್ನೋಮ್‌ನವರು ಮೆಚ್ಚಿ ಒಪ್ಪಿದ್ದಾರೆ, ಅದೂ ಬರೆಯುವುದು ಕಡತವನ್ನೇ. ಗೂಗಲ್ 2015ರಲ್ಲಿ ತನ್ನ ಬೇಜಲ್ ಅನ್ನು ಹೊರಬಿಟ್ಟಿತು. ಗೂಗಲ್‌ನಷ್ಟು ಕೋಡ್ ಇರುವವರಿಗೆ ಅದು ಬಲು ಅನುಕೂಲ, ಅಂಥವರು ಗೂಗಲ್‌ನಲ್ಲಿ ಬೇಕಾದಷ್ಟು ಜನ ಇದ್ದಾರೆ.

ನಗುವ ವಿಷಯವನ್ನು ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಬಿಲ್ಡ್ ಫೈಲೆಂದರೆ ಎಲ್ಲರೂ ನಕಲು ಮಾಡುವ, ಯಾರೂ ಓದದ ಸಾಹಿತ್ಯ ಎಂಬುದು ನಮಗೆ ಗೊತ್ತಿರುವಂತೆ ಕಳ್ಳರಿಗೂ ಗೊತ್ತು. 2024ರ ಎಕ್ಸ್‌ಜೆಡ್ ಪ್ರಕರಣ ನೆನಪಿದೆಯೇ? ಲಿನಕ್ಸ್ ಜಗತ್ತಿನಲ್ಲಿ ಎಲ್ಲೆಲ್ಲೂ ಇರುವ ಕಂಪ್ರೆಷನ್ ತಂತ್ರಾಂಶ. ಜಿಯಾ ಟಾನ್ ಎಂಬ ಹೆಸರಿನಲ್ಲಿ ಯಾರೋ ವರ್ಷಗಟ್ಟಲೆ ಒಳ್ಳೆಯ ಹುಡುಗನಂತೆ ದುಡಿದು ನಂಬಿಕೆ ಗಳಿಸಿ, ಹಿಂಬಾಗಿಲು ಇಟ್ಟರು. ಅದನ್ನು ಎಬ್ಬಿಸುವ ತುಣುಕನ್ನು ಅಡಗಿಸಿದ್ದು ಸಿ ಫೈಲಿನಲ್ಲಲ್ಲ, ಆಟೋಕಾನ್ಫ್ ಬಳಸುವ ಎಂ4 ಫೈಲಿನಲ್ಲಿ. ಅಲ್ಲಿ ಕೈ ಹಾಕಿ ನೋಡುವ ಗಂಡು ಯಾರೂ ಹುಟ್ಟಿಲ್ಲ ಎಂಬ ಲೆಕ್ಕ. ಲೆಕ್ಕ ಸರಿಯಾಗಿಯೇ ಇತ್ತು. ಆಂಡ್ರೆಸ್ ಫ್ರೊಯಿಂಡ್ ಎಂಬ ಇಂಜಿನಿಯರ್ ಅದನ್ನು ಹಿಡಿದದ್ದು ಆ ಫೈಲನ್ನು ಓದಿ ಅಲ್ಲ, ಲಾಗಿನ್ ಆಗಲು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿದೆಯಲ್ಲ ಎಂಬ ಅನುಮಾನದಿಂದ.

ಅದೇ ಎಕ್ಸ್‌ಜೆಡ್‌ನ ಸಿಮೇಕ್ ಫೈಲಿನಲ್ಲಿ ಇನ್ನೊಂದು ಕೈಚಳಕ ಇತ್ತು. ಲ್ಯಾಂಡ್‌ಲಾಕ್ ಎಂಬ ರಕ್ಷಣಾ ಸೌಲಭ್ಯ ಈ ಯಂತ್ರದಲ್ಲಿದೆಯೇ ಎಂದು ತಿಳಿಯಲು ಒಂದು ಪುಟ್ಟ ಪ್ರೋಗ್ರಾಂ ಕಂಪೈಲ್ ಮಾಡಿ ನೋಡುವ ಭಾಗ. ಆ ಪ್ರೋಗ್ರಾಮಿನ ನಡುವೆ, ಒಂದು ಸಾಲಿನ ಶುರುವಿನಲ್ಲಿ, ಒಂದು ಚುಕ್ಕೆ. ಅಷ್ಟೇ. ಚುಕ್ಕೆ ಇದ್ದ ಮೇಲೆ ಅದು ಯಾವ ಯಂತ್ರದಲ್ಲೂ ಕಂಪೈಲ್ ಆಗುವುದಿಲ್ಲ. ಕಂಪೈಲ್ ಆಗದಿದ್ದರೆ ಸಿಮೇಕ್ ಅದನ್ನು ತಪ್ಪು ಎನ್ನುವುದಿಲ್ಲ, ‘ಇಲ್ಲಿ ಆ ಸೌಲಭ್ಯ ಇಲ್ಲ’ ಎಂದು ಷರಾ ಬರೆದು ಕಡತವನ್ನು ಮುಂದಕ್ಕೆ ದಾಟಿಸುತ್ತದೆ. ಬೀಗವೇ ಇಲ್ಲದೆ ಬಿಲ್ಡ್ ಯಶಸ್ವಿ!

2025ರ ಮಾರ್ಚ್‌ನಲ್ಲಿ ಸಿಮೇಕ್ 4.0 ಬಂತು. 3.5ಕ್ಕಿಂತ ಹಳೆಯ ಆವೃತ್ತಿಯ ಹೆಸರು ಹೇಳಿಕೊಂಡು ಬಂದ ಪ್ರಾಜೆಕ್ಟುಗಳನ್ನು ಒಳಗೆ ಬಿಡುವುದಿಲ್ಲ ಎಂದಿತು. ಒಬ್ಬರಿಂದ ಒಬ್ಬರು ನಕಲು ಹೊಡೆದುಕೊಂಡು ಬಂದವರ ಫೈಲುಗಳ ಮೊದಲ ಸಾಲಿನಲ್ಲಿ 2009ರ 2.8 ಹಾಗೇ ಕೂತಿತ್ತು. ಬಿಲ್ಡ್‌ಗಳು ದಬದಬ ಬಿದ್ದವು. ಅರ್ಜಿ ತಿರಸ್ಕರಿಸುವ ಅದೇ ಸಂದೇಶದ ಕೊನೆಯಲ್ಲಿ, ಆದರೂ ಪ್ರಯತ್ನಿಸುವುದಿದ್ದರೆ ಇಂಥ ಫ್ಲಾಗ್ ಹಾಕಿ ನೋಡಿ ಎಂಬ ಸಲಹೆಯೂ ಇದೆ. ಕಚೇರಿಯ ಸಂಪ್ರದಾಯ ಬಲ್ಲವರಿಗೆ ಇದು ಹೊಸದಲ್ಲ.

ಬೆಂಗಳೂರಿನ ಹೊರವರ್ತುಲ ರಸ್ತೆಯ ಬದಿಯ ಆಫೀಸೊಂದರಲ್ಲಿ ಆಗ ಕೇಳಿದ ಮಾತು:

‘ಸರ್, ಈ ಫ್ಲಾಗ್ ಏನ್ ಮಾಡುತ್ತೆ?’

‘ಬಿಲ್ಡ್ ಪಾಸ್ ಮಾಡಿಸುತ್ತೆ.’

‘ಅದಲ್ಲ ಸರ್, ಫೈಲಲ್ಲಿ 2.8 ಅಂತಿದೆಯಲ್ಲ, ಅದನ್ನೇ 3.5 ಅಂತ ತಿದ್ದಿಬಿಟ್ರೆ?’

‘ಅದನ್ನ ಬರೆದವರು ಕೆಲಸ ಬಿಟ್ಟು ಎಷ್ಟು ಕಾಲ ಆಯ್ತೋ! ಈಗ ಮುಟ್ಟಿದ್ರೆ ಗಿಟ್ ಬ್ಲೇಮ್‌ನಲ್ಲಿ ನಿನ್ನ ಹೆಸರು ಬರುತ್ತೆ ಕಣಯ್ಯ.’

ಹುಡುಗ ಫ್ಲಾಗನ್ನೇ ಸ್ಕ್ರಿಪ್ಟಿಗೆ ಸೇರಿಸಿ ಊಟಕ್ಕೆ ಹೋದ.